ಬಾಯಿ ಮುಚ್ಚುವ ಕೊಂಡಿ



ನಿಮ್ಮ ಪುಸ್ತಕದ ಚೀಲವನ್ನು ಒಮ್ಮೆ ತಿರುಗಿಸಿ ನೋಡಿ. ನೀರಿನ ಬಾಟಲಿಯನ್ನೋ ಬೀಗದ ಕೈಗೊಂಚಲನ್ನೋ ಸಿಕ್ಕಿಸಲೆಂದು ಅದಕ್ಕೊಂದು ಬಣ್ಣದ ಲೋಹದ ಕೊಂಡಿ ನೇತಾಡುತ್ತಿರಬಹುದು. ನಿಮ್ಮ ಚೀಲದಲ್ಲಿ ಇಲ್ಲದಿದ್ದರೆ ಪಕ್ಕದಲ್ಲಿ ಕುಳಿತವರ ಚೀಲದಲ್ಲಿ ಇದ್ದೀತು. ಇಂಗ್ಲಿಷಿನ ‘ಡಿ’ ಅಕ್ಷರದಂಥ ಆಕಾರ. ಒಂದು ಬದಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಸರಿಯುವ ಪುಟ್ಟ ಕದ. ಬೆರಳು ತೆಗೆದ ಕೂಡಲೇ ಸ್ಪ್ರಿಂಗಿನ ಬಲದಿಂದ ಆ ಕದ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳುವಾಗ ನಾವು ಇದನ್ನು ಹುಕ್ಕು ಎನ್ನುತ್ತೇವೆ, ಕ್ಲಿಪ್ಪು ಎನ್ನುತ್ತೇವೆ. ಇದರ ನಿಜವಾದ ಹೆಸರು ಕ್ಯಾರಾಬೀನರ್.

ಈ ಭಾಷಣದ ಚಿತ್ರಗಳಿಗಾಗಿ ನಾವು ಆರಿಸಿಕೊಂಡ ಊರು ಯಾದಗಿರಿ ಜಿಲ್ಲೆಯ ಸುರಪುರ. ಹಿಮಾಲಯದಲ್ಲಿ ಬಳಸುವ ಸಾಮಾನಿಗೆ ಸುರಪುರವೇಕೆ ಎಂದು ನೀವು ಕೇಳಬಹುದು. ಆ ಊರನ್ನು ನೋಡಿದವರು ಹೀಗೆ ಕೇಳಲಾರರು. ನಾಯಕ ಅರಸರು ಬೆಟ್ಟಗಳ ಮಡಿಲಿನಲ್ಲಿ ಕಟ್ಟಿದ ಊರು ಅದು. ಯಾವ ಓಣಿಯಲ್ಲಿ ನಿಂತು ತಲೆಯೆತ್ತಿದರೂ ಗ್ರಾನೈಟ್ ಜಾತಿಯ ಬಂಡೆಗಳು ಕಾಣುತ್ತವೆ. ಅತ್ತ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಇತ್ತ ಯಾದಗಿರಿಯಲ್ಲಿ ಬೆಟ್ಟದ ಮೇಲೊಂದು ಕೋಟೆ. ಈ ಸೀಮೆಯ ಮಕ್ಕಳಿಗೆ ಬಂಡೆ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ಅವರ ಕೈಗೆ ಹಗ್ಗ ಬಂದಿದೆ, ಹಗ್ಗದ ತುದಿಗೆ ಈ ಕೊಂಡಿಯೂ ಬಂದಿದೆ. ಅಂಗಡಿಯ ಮೊಳೆಗೆ ಗೊಂಚಲು ಗೊಂಚಲಾಗಿ ತೂಗುಹಾಕಿ ಕೆಲವೇ ರೂಪಾಯಿಗಳಿಗೆ ಮಾರುವ ಕೊಂಡಿಗೂ, ಬಾದಾಮಿಯ ಕೆಂಪು ಬಂಡೆಯಲ್ಲಿ ಆರೋಹಿಯೊಬ್ಬನ ಜೀವವನ್ನು ಹಿಡಿದು ನಿಲ್ಲುವ ಕೊಂಡಿಗೂ ಒಂದು ಮಾರು ದೂರದಿಂದ ಭೇದವೇ ಕಾಣುವುದಿಲ್ಲ. ಇವತ್ತಿನ ಮಾತು ಆ ಭೇದದ ಬಗ್ಗೆ.

ಕೊಕ್ಕೆ ನಮಗೆ ಹೊಸತಲ್ಲ. ತೊಟ್ಟಿಲಿನ ಸರಪಳಿಗೆ ಕೊಕ್ಕೆಯಿದೆ, ಲಾಂದ್ರ ತೂಗುಹಾಕುವ ಕೊಕ್ಕೆಯಿದೆ, ಚೇಳಿನ ಬಾಲದಲ್ಲೂ ಕೊಂಡಿಯಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಾತಾಳ ಗರಡಿ. ಈಗಿನ ಮಕ್ಕಳಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರೋ ತಿಳಿಯದು. ಸೇದುವ ಬಾವಿಯಲ್ಲಿ ಹಗ್ಗ ಕಳಚಿ ಕೊಡ ಮುಳುಗಿದರೆ ಊರಲ್ಲಿ ಯಾರ ಮನೆಯಲ್ಲಾದರೂ ಇರುವ ಪಾತಾಳ ಗರಡಿಯನ್ನು ಕೇಳಿ ತರುತ್ತಿದ್ದರು. ಒಂದು ಕಬ್ಬಿಣದ ಬಳೆಯ ಸುತ್ತ ಹತ್ತಾರು ಕೊಕ್ಕೆಗಳು. ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಬಿಟ್ಟು ಆಡಿಸಿದರೆ, ಯಾವುದೋ ಒಂದು ಕೊಕ್ಕೆ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ವಸ್ತುವನ್ನು ಹಿಡಿಯುವುದಕ್ಕೆ ಅದಕ್ಕಿಂತ ಜಾಣ ಸಾಧನ ಇನ್ನೊಂದಿಲ್ಲ. ಆದರೆ ಮೇಲೆಳೆಯುವಾಗ ಹಗ್ಗ ಒಂದು ಗಳಿಗೆ ಸಡಿಲವಾದರೆ ಸಾಕು, ಕೊಡ ಮತ್ತೆ ನೀರಿಗೆ ಬೀಳುತ್ತದೆ. ಕೊಕ್ಕೆಯ ಬಾಯಿ ತೆರೆದಿರುತ್ತದೆ. ಒಳಗೆ ಬರುವುದು ಎಷ್ಟು ಸುಲಭವೋ ಹೊರಗೆ ಹೋಗುವುದೂ ಅಷ್ಟೇ ಸುಲಭ.

ಹಾಗಾದರೆ ಬಳೆಯನ್ನೇ ಬಳಸಬಹುದಲ್ಲ? ಬಳೆಗೆ ಬಾಯಿಯೇ ಇಲ್ಲ. ಒಳಗೆ ಹೋದ ಹಗ್ಗ ಹೊರಬರುವ ಮಾತಿಲ್ಲ. ಆದರೆ ಹಗ್ಗವನ್ನು ಒಳಗೆ ಹಾಕಬೇಕಾದರೆ ಅದರ ತುದಿಯನ್ನು ಹುಡುಕಿ, ಬಳೆಯೊಳಗೆ ತೂರಿಸಿ, ಗಂಟು ಹಾಕಬೇಕು. ಅದಕ್ಕೆ ಎರಡು ಕೈ ಬೇಕು, ಸಮಯವೂ ಬೇಕು. ಕೊಕ್ಕೆಯಂತೆ ಒಂದೇ ಕೈಯಲ್ಲಿ ಸಿಕ್ಕಿಸಬಹುದಾದ, ಬಳೆಯಂತೆ ಬಿಟ್ಟುಕೊಡದ ಒಂದು ವಸ್ತು ಬೇಕೆಂದು ಮನುಷ್ಯ ಬಹುಕಾಲ ಹುಡುಕಿದ. ಆ ಹುಡುಕಾಟದ ಒಂದು ಉತ್ತರ ಈ ಕೊಂಡಿ.

ಅದರ ಹೆಸರಿನಲ್ಲೇ ಅದರ ಚರಿತ್ರೆ ಇದೆ. ಕಾರ್ಬೈನ್ ಎಂದರೆ ಯೂರೋಪಿನ ಕುದುರೆ ಸವಾರರು ಒಯ್ಯುತ್ತಿದ್ದ ಗಿಡ್ಡ ಬಂದೂಕು. ಜರ್ಮನ್ ಭಾಷೆಯಲ್ಲಿ ಅದು ಕರಾಬೀನರ್. ಕಾಲಾಳಿಗಾದರೆ ಬಂದೂಕು ಹಿಡಿಯಲು ಎರಡು ಕೈಗಳಿವೆ. 1705ರಲ್ಲಿ ಸುರಪುರದ ಸಮೀಪದ ವಾಗಿನಗೇರಾ ಕೋಟೆಗೆ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದಾಗ ಅದನ್ನು ವಾರಗಟ್ಟಲೆ ತಡೆದು ನಿಲ್ಲಿಸಿದ ಬೇಡ ವೀರರು ಬಂದೂಕಿನ ಗುರಿಗೆ ಹೆಸರಾದವರು. ಬಂಡೆಯ ಮರೆಯಲ್ಲಿ ಕುಳಿತು, ಬಂದೂಕನ್ನು ಕಲ್ಲಿನ ಮೇಲಿಟ್ಟು ಗುರಿ ಹಿಡಿಯಬಲ್ಲವನಿಗೆ ಕೊಂಡಿಯ ಹಂಗಿಲ್ಲ. ಸವಾರನ ಪಾಡು ಬೇರೆ. ಅವನ ಒಂದು ಕೈ ಲಗಾಮಿಗೆ ಮೀಸಲು. ಖಡ್ಗ ಹಿರಿಯಬೇಕಾದಾಗ ಬಂದೂಕನ್ನು ಕೈಬಿಡಬೇಕು, ಆದರೆ ಅದು ನೆಲಕ್ಕೆ ಬೀಳಬಾರದು. ಅದಕ್ಕಾಗಿ ಹೆಗಲಿನಿಂದ ಸೊಂಟಕ್ಕೆ ಇಳಿಬಿಟ್ಟ ಚರ್ಮದ ಪಟ್ಟಿಗೆ ಸ್ಪ್ರಿಂಗಿನ ಕದವಿರುವ ಕೊಂಡಿಯೊಂದನ್ನು ಜೋಡಿಸಿ, ಬಂದೂಕಿನ ಬಳೆಯನ್ನು ಅದಕ್ಕೆ ಸಿಕ್ಕಿಸುತ್ತಿದ್ದರು. ಕಾರ್ಬೈನ್ ಕೊಕ್ಕೆ ಎಂಬುದು ಅದರ ಹೆಸರು. ಕಾಲ ಕಳೆದಂತೆ ಬಂದೂಕು ಹೋಯಿತು, ಹೆಸರು ಕೊಕ್ಕೆಗೆ ಅಂಟಿಕೊಂಡಿತು.

ಸೈನಿಕರಿಂದ ಅದು ಅಗ್ನಿಶಾಮಕ ದಳದವರ ಸೊಂಟಕ್ಕೆ ಬಂತು. ಅಲ್ಲಿಂದ ಬಂಡೆ ಏರುವವರ ಕೈಗೆ ಬಂದದ್ದು ಸುಮಾರು 1910ರಲ್ಲಿ. ಜರ್ಮನಿಯ ಮ್ಯೂನಿಕ್ ನಗರದ ಆರೋಹಿ ಒಟ್ಟೋ ಹೆರ್ಜೋಗ್ ಎಂಬಾತ ಅಗ್ನಿಶಾಮಕರ ಕೊಂಡಿಯನ್ನು ನೋಡಿ, ಇದನ್ನು ಬಂಡೆಯ ಮೇಲೂ ಬಳಸಬಹುದಲ್ಲ ಎಂದು ಯೋಚಿಸಿದನೆಂದು ಪರ್ವತಾರೋಹಣದ ಚರಿತ್ರೆ ಬರೆದವರು ಹೇಳುತ್ತಾರೆ. ಇದು ಎಂಥ ಉಪಕಾರವಾಯಿತೆಂದು ತಿಳಿಯಬೇಕಾದರೆ ಅದಕ್ಕೆ ಮೊದಲು ಏನಾಗುತ್ತಿತ್ತು ಎಂಬುದನ್ನು ನೋಡಬೇಕು. ಆರೋಹಿಯು ಬಂಡೆಯ ಬಿರುಕಿಗೆ ಬಳೆಯಿರುವ ಗೂಟವೊಂದನ್ನು ಹೊಡೆಯುತ್ತಿದ್ದ. ಆ ಬಳೆಯೊಳಗೆ ಹಗ್ಗ ಹೋಗಬೇಕಲ್ಲ? ಹಗ್ಗದ ತುದಿ ಅವನ ಸೊಂಟಕ್ಕೆ ಕಟ್ಟಿದೆ. ಒಂದೇ ಒಂದು ದಾರಿ: ಅಷ್ಟೆತ್ತರದಲ್ಲಿ, ಒಂದು ಕೈಯಲ್ಲಿ ಬಂಡೆಯನ್ನು ಹಿಡಿದುಕೊಂಡು, ಸೊಂಟದ ಗಂಟನ್ನು ಬಿಚ್ಚಿ, ಬಳೆಯೊಳಗೆ ತೂರಿಸಿ, ಮತ್ತೆ ಕಟ್ಟಿಕೊಳ್ಳಬೇಕು. ಬಿದ್ದರೆ ಹಿಡಿಯಲೆಂದು ಇರುವ ಹಗ್ಗವನ್ನು ಬೀಳುವ ಸಂಭವ ಹೆಚ್ಚಾಗಿರುವ ಜಾಗದಲ್ಲೇ ಬಿಚ್ಚಬೇಕು! ಗಂಟಿಗೆ ಬದಲು ಹಗ್ಗವನ್ನೇ ಬೇರೊಂದು ಕುಣಿಕೆಯಿಂದ ಬಳೆಗೆ ಕಟ್ಟುವುದೂ ಉಂಟು. ಅದಕ್ಕೂ ಎರಡು ಕೈ ಬೇಕು. ಕೊಂಡಿ ಬಂದ ಮೇಲೆ ಈ ಸಂಕಟ ತಪ್ಪಿತು. ಗೂಟದ ಬಳೆಗೆ ಕೊಂಡಿ ಸಿಕ್ಕಿಸಿ, ಹೆಬ್ಬೆರಳಿನಿಂದ ಹಗ್ಗವನ್ನು ಕದದೊಳಕ್ಕೆ ಒತ್ತಿದರಾಯಿತು. ಒಂದು ಕೈ, ಒಂದೆರಡು ಸೆಕೆಂಡು.

ಆಗಿನ ಕೊಂಡಿಗಳೆಲ್ಲ ಉಕ್ಕಿನವು. ಹತ್ತಿಪ್ಪತ್ತು ಕೊಂಡಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಎರಡು ಮೂರು ಕಿಲೋಗ್ರಾಂ ಭಾರ. 1940ರ ಸುಮಾರಿಗೆ ಫ್ರಾನ್ಸಿನ ಆರೋಹಿ ಪಿಯರ್ ಅಲೇನ್ ಅಲ್ಯೂಮಿನಿಯಂ ಮಿಶ್ರಲೋಹದ ಕೊಂಡಿಯನ್ನು ರೂಪಿಸಿದ. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು, ಅಲ್ಯೂಮಿನಿಯಂ ಮಿಶ್ರಲೋಹದ್ದು ಸುಮಾರು 2.8 ಪಟ್ಟು ಎಂದು ನಿಮಗೆ ಗೊತ್ತು. ಅಲ್ಯೂಮಿನಿಯಂ ಎಂದೊಡನೆ ಅಡುಗೆಮನೆಯ ಮೆದುವಾದ ಪಾತ್ರೆ ನೆನಪಾಗಿ ನೀವು ಅನುಮಾನಪಡಬಹುದು. ಈಗ ಆರೋಹಣದ ಕೊಂಡಿಗೆ ಹೆಚ್ಚಾಗಿ ಬಳಸುವುದು 7075 ಎಂಬ ಸಂಖ್ಯೆಯಿಂದ ಕರೆಯುವ ಮಿಶ್ರಲೋಹ. ಅದರಲ್ಲಿ ಶೇಕಡಾ ಐದಾರು ಭಾಗ ಸತು, ಜೊತೆಗೆ ಮೆಗ್ನೀಸಿಯಂ ಮತ್ತು ತಾಮ್ರ ಬೆರೆತಿವೆ. ಸರಿಯಾದ ಕ್ರಮದಲ್ಲಿ ಕಾಯಿಸಿ ತಣಿಸಿದರೆ ಅದು ಕಟ್ಟಡಕ್ಕೆ ಬಳಸುವ ಸಾಧಾರಣ ಉಕ್ಕಿನಷ್ಟೇ, ಎಷ್ಟೋ ವೇಳೆ ಅದಕ್ಕಿಂತ ಹೆಚ್ಚೇ ಗಟ್ಟಿ. ವಿಮಾನಗಳ ಮೈಗೆ ಬಳಸುವ ಲೋಹವದು. ಬೀಗದ ಕೈಗೊಂಚಲಿನ ಕೊಂಡಿ ಆ ಲೋಹದ್ದಲ್ಲ. ಬಣ್ಣ ಮಾತ್ರ ಅದೇ.

ಇನ್ನು ಮುಖ್ಯ ಮಾತಿಗೆ ಬರೋಣ. ಕೈಗೆ ಹಾಕುವ ಒಂದು ಲೋಹದ ಕಡಗವನ್ನು ನೆನೆಯಿರಿ. ಬಾಯಿಲ್ಲದ, ಪೂರ್ತಿ ದುಂಡಗಿರುವ ಕಡಗವನ್ನು ಎರಡು ಕೈಗಳಿಂದ ಹಿಡಿದು ಎಷ್ಟು ಜಗ್ಗಿದರೂ ಅದು ಜಗ್ಗುವುದಿಲ್ಲ. ಅದೇ ದಪ್ಪದ, ಒಂದು ಕಡೆ ಕತ್ತರಿಸಿ ಬಾಯಿ ಬಿಟ್ಟಿರುವ ಕಡಗವನ್ನು ಜಗ್ಗಿ ನೋಡಿ. ಬಾಯಿ ಅಗಲವಾಗುತ್ತದೆ, ನಾವು ಅದನ್ನು ಕೈಗೆ ಹಾಕುವುದೇ ಹಾಗೆ. ಲೋಹ ಒಂದೇ, ದಪ್ಪ ಒಂದೇ. ಬದಲಾದದ್ದು ಏನು? ಮುಚ್ಚಿದ ಬಳೆಯಲ್ಲಿ ಭಾರವನ್ನು ಎರಡೂ ಬದಿಗಳು ಹಂಚಿಕೊಂಡು ಹೊರುತ್ತವೆ. ಬಾಯಿ ತೆರೆದ ಬಳೆಯಲ್ಲಿ ಇಡೀ ಭಾರ ಒಂದೇ ಬದಿಗೆ, ಅಂದರೆ ಬೆನ್ನಿಗೆ ಬೀಳುತ್ತದೆ. ಅಷ್ಟೇ ಅಲ್ಲ, ಭಾರ ಬೀಳುವ ಗೆರೆ ಬೆನ್ನಿನಿಂದ ಸ್ವಲ್ಪ ದೂರದಲ್ಲಿರುವುದರಿಂದ ಅದು ಬೆನ್ನನ್ನು ಎಳೆಯುವುದರ ಜೊತೆಗೆ ಬಗ್ಗಿಸುತ್ತದೆ ಕೂಡ. ಲೋಹದ ಸರಳನ್ನು ನೇರವಾಗಿ ಎಳೆದು ಮುರಿಯುವುದು ಕಷ್ಟ, ಬಗ್ಗಿಸಿ ಮುರಿಯುವುದು ಸುಲಭ. ತಂತಿಯನ್ನು ಕೈಯಲ್ಲೇ ಮುರಿಯಬೇಕಾದಾಗ ನಾವೆಲ್ಲ ಮಾಡುವುದೂ ಅದನ್ನೇ.

ಕೊಂಡಿಯ ಕದದ ಕೆಲಸ ಈಗ ನಿಮಗೆ ಹೊಳೆದಿರಬೇಕು. ಹಗ್ಗ ಹೊರಗೆ ಜಾರದಂತೆ ತಡೆಯುವುದು ಅದರ ಅರ್ಧ ಕೆಲಸ ಮಾತ್ರ. ಇನ್ನರ್ಧ, ತಾನೂ ಭಾರಕ್ಕೆ ಹೆಗಲು ಕೊಡುವುದು. ಕದದ ತುದಿಯನ್ನು ಹತ್ತಿರದಿಂದ ನೋಡಿ. ಒಳ್ಳೆಯ ಕೊಂಡಿಯಲ್ಲಿ ಆ ತುದಿ ಎದುರಿನ ಮೂಗಿನೊಳಗೆ ಬೀಗದ ನಾಲಿಗೆಯಂತೆ ಕಚ್ಚಿಕೊಂಡು ಕೂರುತ್ತದೆ. ಭಾರ ಬಿದ್ದಾಗ ಮೂಗು ಕದವನ್ನು ಹಿಡಿದೆಳೆಯುತ್ತದೆ, ಕೊಂಡಿ ಬಳೆಯಾಗುತ್ತದೆ. ಕೈಗೊಂಚಲಿನ ಎಷ್ಟೋ ಕೊಂಡಿಗಳಲ್ಲಿ ಈ ಕಚ್ಚುವಿಕೆಯೇ ಇಲ್ಲ. ಕದ ಸುಮ್ಮನೆ ಮೂಗಿಗೆ ಒರಗಿ ನಿಂತಿರುತ್ತದೆ. ನೋಡಲು ಮುಚ್ಚಿದಂತೆ ಕಂಡರೂ ಬಲದ ಲೆಕ್ಕದಲ್ಲಿ ಅದು ಬಾಯಿ ತೆರೆದ ಕೊಕ್ಕೆ. ‘ಡಿ’ ಆಕಾರಕ್ಕೂ ಕಾರಣ ಇದೇ. ಮೊಟ್ಟೆಯಾಕಾರದ ಕೊಂಡಿಯಲ್ಲಿ ಹಗ್ಗ ನಟ್ಟನಡುವೆ ನಿಂತು ಬೆನ್ನಿಗೂ ಕದಕ್ಕೂ ಸಮನಾಗಿ ಭಾರ ಹಾಕುತ್ತದೆ. ‘ಡಿ’ ಆಕಾರದಲ್ಲಿ ಹಗ್ಗ ತಾನಾಗಿ ಬೆನ್ನಿನ ಮಗ್ಗುಲಿಗೆ ಸರಿಯುವುದರಿಂದ ಭಾರದ ಬಹುಪಾಲನ್ನು ಬೆನ್ನೇ ಹೊರುತ್ತದೆ.

ಆರೋಹಣದ ಕೊಂಡಿಯ ಬೆನ್ನಿನ ಮೇಲೆ ಕೆಲವು ಅಂಕಿಗಳನ್ನು ಕೊರೆದಿರುತ್ತಾರೆ. ಯೂರೋಪಿನ ಇಎನ್ 12275 ಎಂಬ ಮಾನಕದ ಪ್ರಕಾರ ಸಾಮಾನ್ಯ ಬಗೆಯ ಕೊಂಡಿಯೊಂದು ಕದ ಮುಚ್ಚಿ ಉದ್ದಕ್ಕೆ ಎಳೆದಾಗ ಕನಿಷ್ಠ 20 ಕಿಲೋನ್ಯೂಟನ್ ಬಲವನ್ನು ತಡೆಯಬೇಕು. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ವಸ್ತುವಿನ ತೂಕ ಎಂದಿಟ್ಟುಕೊಳ್ಳಿ. 20 ಕಿಲೋನ್ಯೂಟನ್ ಎಂದರೆ ಇಪ್ಪತ್ತು ಕ್ವಿಂಟಲ್ ಹತ್ತಿ! ಅಂಗೈಯಲ್ಲಿ ಅಡಗುವ, ಹೆಚ್ಚೆಂದರೆ ಐವತ್ತು ಅರವತ್ತು ಗ್ರಾಂ ತೂಗುವ ವಸ್ತು ಇಷ್ಟು ಹೊರುವುದು ಸಣ್ಣ ಮಾತಲ್ಲ. ಆದರೆ ಅದೇ ಕೊಂಡಿಗೆ ಕದ ತೆರೆದಿದ್ದಾಗ ಅದೇ ಮಾನಕ ಕೇಳುವುದು 7 ಕಿಲೋನ್ಯೂಟನ್ ಮಾತ್ರ. ಕೊಂಡಿ ಅಡ್ಡ ತಿರುಗಿ, ಭಾರ ಕದದ ಮೇಲೆಯೇ ಬಿದ್ದಾಗಲೂ ಅಷ್ಟೇ, 7. ಒಂದೇ ವಸ್ತು, ನಿಂತ ಭಂಗಿ ಬದಲಾದರೆ ಬಲ ಮೂರರಲ್ಲಿ ಒಂದು ಪಾಲು.

ಏಳು ಕ್ವಿಂಟಲ್ ಹೊರುವ ಕೊಂಡಿಗೆ ಅರವತ್ತು ಕಿಲೋಗ್ರಾಂ ಮನುಷ್ಯನೊಬ್ಬ ಯಾವ ಲೆಕ್ಕ ಎಂದು ನಿಮಗನ್ನಿಸಬಹುದು. ಹತ್ತನೆಯ ತರಗತಿಯ ಗಣಿತವೇ ಸಾಕು, ಲೆಕ್ಕ ಮಾಡೋಣ. 60 ಕಿಲೋಗ್ರಾಂ ರಾಶಿಯ ಆರೋಹಿಯ ತೂಕ ಸುಮಾರು 590 ನ್ಯೂಟನ್. ಅವನು 5 ಮೀಟರ್ ಬಿದ್ದ ಮೇಲೆ ಹಗ್ಗ ಬಿಗಿಯಾಯಿತು, ಬಿಗಿಯಾದ ಹಗ್ಗ 1 ಮೀಟರ್ ಹಿಗ್ಗಿ ಅವನನ್ನು ನಿಲ್ಲಿಸಿತು ಎನ್ನಿ. ಒಟ್ಟು 6 ಮೀಟರ್ ಇಳಿದದ್ದರಿಂದ ಬಂದ ಶಕ್ತಿಯನ್ನೆಲ್ಲ ಆ 1 ಮೀಟರಿನಲ್ಲಿ ಹೀರಬೇಕು. ಆದ್ದರಿಂದ ಸರಾಸರಿ ಬಲ ಅವನ ತೂಕದ ಆರು ಪಟ್ಟು, ಅಂದರೆ 3.5 ಕಿಲೋನ್ಯೂಟನ್. ಹಗ್ಗವು ಸ್ಪ್ರಿಂಗಿನಂತೆ ವರ್ತಿಸುವುದರಿಂದ ಕೊನೆಯ ಗಳಿಗೆಯ ಗರಿಷ್ಠ ಬಲ ಸರಾಸರಿಯ ಎರಡು ಪಟ್ಟು, 7 ಕಿಲೋನ್ಯೂಟನ್. ಇಲ್ಲಿಗೆ ಮುಗಿಯಲಿಲ್ಲ. ಮೇಲಿನ ಕೊಂಡಿಯ ಮೂಲಕ ಹಾದ ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ಗೆಳೆಯನೊಬ್ಬ ಹಿಡಿದಿದ್ದಾನೆ. ಬಾವಿಯ ಗಡಗಡಿಯ ಮೇಲೆ ಕೊಡದ ಭಾರವೂ ಸೇದುವವನ ಬಲವೂ ಎರಡೂ ಬೀಳುವಂತೆ, ಕೊಂಡಿಯ ಮೇಲೆ ಎರಡು ಕಡೆಯ ಎಳೆತವೂ ಬೀಳುತ್ತದೆ. ಘರ್ಷಣೆಯಿಂದಾಗಿ ಗೆಳೆಯನ ಕಡೆಯದು ಸ್ವಲ್ಪ ಕಡಿಮೆ, 4 ಕಿಲೋನ್ಯೂಟನ್ ಎನ್ನೋಣ. ಒಟ್ಟು 11.

ಕದ ಮುಚ್ಚಿದ್ದರೆ 20ರ ಮುಂದೆ 11 ಏನೂ ಅಲ್ಲ, ಆರೋಹಿ ತೂಗಾಡಿ ನಗುತ್ತಾನೆ. ಕದ ತೆರೆದಿದ್ದರೆ 7ರ ಮುಂದೆ 11.

ಹಗ್ಗ ಹಿಗ್ಗದಿದ್ದರೆ ಏನಾಗುತ್ತದೆ ಎಂಬ ಲೆಕ್ಕವನ್ನೂ ನೀವೇ ಮಾಡಿ ನೋಡಿ. ಸರಪಳಿಯೋ ತಂತಿಯ ಹಗ್ಗವೋ ಇದ್ದು, ಬಿದ್ದವನು 10 ಸೆಂಟಿಮೀಟರಿನಲ್ಲೇ ನಿಲ್ಲಬೇಕಾದರೆ ಸರಾಸರಿ ಬಲವೇ ತೂಕದ 51 ಪಟ್ಟು, 30 ಕಿಲೋನ್ಯೂಟನ್! ಕೊಂಡಿಯ ಮಾತು ಹಾಗಿರಲಿ, ಮನುಷ್ಯನ ಮೈಯೇ ಅದನ್ನು ತಾಳದು. ಆರೋಹಣದ ಹಗ್ಗವನ್ನು ಹಿಗ್ಗುವಂತೆಯೇ ನೇಯುವುದು ಅದಕ್ಕಾಗಿ.

ಮುಚ್ಚಿದ ಕದ ತಾನಾಗಿ ಏಕೆ ತೆರೆದುಕೊಳ್ಳುತ್ತದೆ? ಇದಕ್ಕೊಂದು ಪ್ರಯೋಗ ಹೇಳುತ್ತೇನೆ. ನಿಮ್ಮ ಚೀಲದ ಕೊಂಡಿಯನ್ನು ಕೈಯಲ್ಲಿ ಹಿಡಿದು, ಅದರ ಬೆನ್ನನ್ನು ಇನ್ನೊಂದು ಕೈಯ ಅಂಗೈಗೆ ರಪ್ಪನೆ ಬಡಿಯಿರಿ. ಕಿವಿಗೊಟ್ಟು ಕೇಳಿದರೆ ‘ಟಿಕ್’ ಎಂಬ ಸದ್ದು ಕೇಳೀತು. ಬೆನ್ನು ಅಂಗೈಗೆ ತಾಗಿ ನಿಂತಿತು, ಆದರೆ ಕದ ಬಂದ ವೇಗದಲ್ಲೇ ಮುಂದೆ ಹೋಯಿತು; ಒಳಕ್ಕೆ ತೆರೆದು, ಸ್ಪ್ರಿಂಗಿನ ಬಲದಿಂದ ಹಿಂದಿರುಗಿ ಮೂಗಿಗೆ ಬಡಿಯಿತು. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ಬಾಗುತ್ತೇವಲ್ಲ, ನ್ಯೂಟನ್ನನ ಆ ಮೊದಲ ನಿಯಮವೇ ಇಲ್ಲಿಯೂ ಕೆಲಸ ಮಾಡಿದ್ದು. ಬೀಳುವ ಆರೋಹಿಯ ಕೊಂಡಿ ಬಂಡೆಗೆ ಹೀಗೆ ಬಡಿಯಬಹುದು, ಓಡುವ ಹಗ್ಗದ ಕಂಪನದಿಂದಲೂ ಕದ ಅದುರಬಹುದು. ತೆರೆದಿರುವುದು ಕಣ್ಣು ಮಿಟುಕಿಸುವಷ್ಟು ಕಾಲ ಮಾತ್ರ. ಆ ಗಳಿಗೆಯಲ್ಲೇ ಗರಿಷ್ಠ ಬಲ ಬಂದರೆ ಕೊಂಡಿ ಮುರಿಯುತ್ತದೆ. ಪರಿಹಾರವನ್ನು ಎಂಜಿನಿಯರರು ಕದದ ತೂಕದಲ್ಲೇ ಕಂಡುಕೊಂಡರು. 1990ರ ದಶಕದಲ್ಲಿ ಗಟ್ಟಿ ಸರಳಿನ ಕದಕ್ಕೆ ಬದಲು ಬಾಗಿದ ತಂತಿಯ ಕದ ಆರೋಹಿಗಳ ಬಳಕೆಗೆ ಬಂತು. ತೂಕ ಕಡಿಮೆಯಾದ್ದರಿಂದ ಜಡತ್ವವೂ ಕಡಿಮೆ, ಅದುರುವುದೂ ಕಡಿಮೆ. ನೋಡುವುದಕ್ಕೆ ಬಡಕಲು, ಕೆಲಸದಲ್ಲಿ ಮೇಲು.

ಇನ್ನೊಂದು ಬಗೆಯ ಅಪಾಯ ಇದಕ್ಕಿಂತ ಕಪಟಿ. ಕೊಂಡಿಯನ್ನು ಗಟ್ಟಿಯಾದ ಬಳೆಯೊಂದಕ್ಕೆ ಸಿಕ್ಕಿಸಿದ್ದೀರಿ. ನೀವು ಅತ್ತಿತ್ತ ತಿರುಗಿದಂತೆ ಬಳೆಯೂ ಮಗುಚಿ ಕದದ ಮೇಲೆ ಬಂದು ಕೂರುತ್ತದೆ. ಆಗ ಸ್ವಲ್ಪ ಒತ್ತಿದರೂ ಸಾಕು, ನಿಮ್ಮ ಹೆಬ್ಬೆರಳು ಮಾಡುವ ಕೆಲಸವನ್ನು ಬಳೆಯೇ ಮಾಡಿಬಿಡುತ್ತದೆ. ಕದ ತೆರೆದು, ಬಳೆ ಹೊರಬಂದು, ಕದ ಮತ್ತೆ ಮುಚ್ಚಿಕೊಳ್ಳುತ್ತದೆ. ಕೊಂಡಿ ಮುರಿಯುವುದಿಲ್ಲ, ಅದರ ಮೇಲೊಂದು ಗೀರೂ ಬೀಳುವುದಿಲ್ಲ, ಮನುಷ್ಯ ಮಾತ್ರ ಕೆಳಗಿರುತ್ತಾನೆ. ಅಮೆರಿಕದಲ್ಲಿ ಎತ್ತರದಲ್ಲಿ ದುಡಿಯುವ ಕಟ್ಟಡ ಕೆಲಸಗಾರರ ರಕ್ಷಣೆಯ ಪಟ್ಟಿಗಳಲ್ಲಿ ಬೀಗವಿಲ್ಲದ ಕೊಕ್ಕೆಗಳ ಬಳಕೆಯನ್ನು 1998ರ ಜನವರಿ 1ರಿಂದ ನಿಷೇಧಿಸಿದ್ದು ಈ ಕಾರಣಕ್ಕಾಗಿಯೇ. ಬೀಗದ ಕೊಂಡಿಯಲ್ಲಿ ಕದದ ಮೇಲೊಂದು ತಿರುಪಿನ ಕೊಳವೆ ಇರುತ್ತದೆ. ತಿರುಗಿಸಿದರೆ ಅದು ಮೂಗಿನ ಮೇಲೆ ಏರಿ ಕೂತು ಕದವನ್ನು ಕದಲದಂತೆ ಮಾಡುತ್ತದೆ. ಒಂದೇ ಕೈಯಲ್ಲಿ ತೆರೆಯುವ ಗುಣಕ್ಕಾಗಿ ಹುಟ್ಟಿದ ವಸ್ತುವಿಗೆ ಸುಲಭವಾಗಿ ತೆರೆಯಬೇಡ ಎಂದು ಬೀಗ ಹಾಕಬೇಕಾಯಿತು!

ನಮ್ಮ ದೇಶದಲ್ಲೂ ಎತ್ತರದಲ್ಲಿ ದುಡಿಯುವವರ ಬೆಲ್ಟು, ಪಟ್ಟಿಗಳಿಗೆ ಐಎಸ್ 3521 ಎಂಬ ಭಾರತೀಯ ಮಾನಕವಿದೆ. ಮಳೆಗಾಳಿಗೆ ಕರೆಂಟು ಹೋದಾಗ ಕಂಬ ಹತ್ತುವ ಜೆಸ್ಕಾಂ ಲೈನ್‌ಮನ್ ಅಣ್ಣನನ್ನು ನೀವು ನೋಡಿಯೇ ಇರುತ್ತೀರಿ. ಕಂಬದ ಮೇಲೆ ಅವನಿಗೆ ಎರಡು ಕೈಗಳೂ ಕೆಲಸಕ್ಕೆ ಬೇಕು. ಆ ಎರಡು ಕೈಗಳನ್ನು ಅವನಿಗೆ ಕೊಡುವುದು ಸೊಂಟದ ಪಟ್ಟಿ ಮತ್ತು ಅದರ ಕೊಂಡಿ. ಮುಂದಿನ ಸಲ ನೋಡುವಾಗ ಆ ಕೊಂಡಿಯ ಕದವನ್ನು ಗಮನಿಸಿ. ಅದು ಎರಡು ಕಡೆ ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುವಂಥದ್ದಾಗಿರಬೇಕು. ನಮ್ಮ ಟೆಲಿವಿಷನ್ ಸ್ಟುಡಿಯೋದಲ್ಲೂ ಈ ಕೊಂಡಿಯ ಊಳಿಗವಿದೆ. ಭಾಷಣಕಾರರ ತಲೆಯ ಮೇಲೆ ತೂಗುವ ಒಂದೊಂದು ದೊಡ್ಡ ದೀಪಕ್ಕೂ ಮುಖ್ಯ ಬಂಧನದ ಜೊತೆಗೆ ಉಕ್ಕಿನ ತಂತಿಯ ಕುಣಿಕೆ, ಅದಕ್ಕೊಂದು ಕೊಂಡಿ. ಭೌತಶಾಸ್ತ್ರ ಓದಿ ಈ ಕೆಲಸಕ್ಕೆ ಬಂದ ನಾನು ಅತಿಥಿಗಳನ್ನು ಕುರ್ಚಿಯಲ್ಲಿ ಕೂರಿಸುವ ಮುನ್ನ ಒಮ್ಮೆ ಮೇಲೆ ನೋಡುತ್ತೇನೆ. ಅತಿಥಿಗಳು ನಾನು ಏನನ್ನೋ ಯೋಚಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಕೊಂಡಿಯ ಬೆಲೆ ಏನೆಂಬುದನ್ನು 2022ರ ಫೆಬ್ರುವರಿ ತಿಂಗಳು ದೇಶಕ್ಕೆಲ್ಲ ತೋರಿಸಿತು. ಕೇರಳದ ಮಲಂಪುಳದಲ್ಲಿ ಬೆಟ್ಟ ಹತ್ತಿದ್ದ ತರುಣನೊಬ್ಬ ಜಾರಿ, ಕಡಿದಾದ ಬಂಡೆಯ ನಡುವಿನ ಪೊಟರೆಯಲ್ಲಿ ಸಿಕ್ಕಿಕೊಂಡ. ಮೇಲೆ ಹತ್ತುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ, ಕುಡಿಯಲು ನೀರಿಲ್ಲ. ನಲವತ್ತು ಗಂಟೆಗಳಿಗೂ ಹೆಚ್ಚು ಕಾಲ ಹಾಗೆಯೇ ಕುಳಿತಿದ್ದ. ಫೆಬ್ರುವರಿ 9ರ ಬೆಳಿಗ್ಗೆ ಭೂಸೇನೆಯ ಯೋಧರೊಬ್ಬರು ಮೇಲಿನಿಂದ ಹಗ್ಗದಲ್ಲಿ ಇಳಿದು, ಅವನಿಗೆ ನೀರು ಕೊಟ್ಟು, ಅವನನ್ನು ತಮ್ಮ ಮೈಗೆ ಬಿಗಿದುಕೊಂಡು ಮೇಲೆ ಬಂದರು. ಅದೇ ತಿಂಗಳ 20ರಂದು ನಮ್ಮ ನಂದಿಬೆಟ್ಟದ ಕಡಿದಾದ ಬಂಡೆಗಳಿಂದ ಜಾರಿ ಬಿದ್ದ ವಿದ್ಯಾರ್ಥಿಯೊಬ್ಬನನ್ನು ವಾಯುಸೇನೆಯ ಹೆಲಿಕಾಪ್ಟರು ಮೇಲೆತ್ತಿತು. ಇಂಥ ಕಡೆ ಹೆದರಿ, ದಣಿದು ನಡುಗುತ್ತಿರುವವನ ಸೊಂಟಕ್ಕೆ ಗಂಟು ಹಾಕುತ್ತ ಕೂರಲು ಸಮಯವಿರುವುದಿಲ್ಲ. ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈಯಲ್ಲಿ ಕೊಂಡಿ. ಸವಾರನ ಕಾಲದ ಆ ಒಂಟಿ ಕೈಯ ಅನುಕೂಲವೇ ಇಲ್ಲಿ ಜೀವ ಉಳಿಸುತ್ತದೆ.

ನಿಮ್ಮಲ್ಲಿ ಬಂಡೆ ಏರುವ ಆಸೆಯುಳ್ಳವರಿಗೆ ಕರ್ನಾಟಕದಲ್ಲಿ ದಾರಿಗಳಿವೆ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯಿದೆ; ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏರುವ ಗೋಡೆಯಿದೆ; ರಾಮನಗರ ಮತ್ತು ಬಾದಾಮಿಯ ಬಂಡೆಗಳಲ್ಲಿ ಬಲ್ಲವರ ಕೈಕೆಳಗೆ ಕಲಿಯಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಿಂದ ಈಚೆಗೆ ಇದು ಒಲಿಂಪಿಕ್ ಆಟವೂ ಹೌದು. ಅಲ್ಲಿ ಮೊದಲ ದಿನವೇ ನಿಮಗೆ ಕಲಿಸುವುದು ಕೊಂಡಿಯ ಬೀಗ ಹಾಕುವುದನ್ನು, ಹಾಕಿದ ಮೇಲೆ ಕದವನ್ನು ಒತ್ತಿ ನೋಡುವುದನ್ನು. ತಿರುಪಿನ ಕೊಳವೆ ಕೆಳಮುಖವಾಗಿ ಬಿಗಿಯುವಂತೆ ಕೊಂಡಿಯನ್ನು ಹಿಡಿಯಬೇಕೆಂದೂ ಹೇಳಿಕೊಡುತ್ತಾರೆ. ಅದುರಿ ಸಡಿಲಾದರೂ ಗುರುತ್ವಾಕರ್ಷಣೆ ಅದನ್ನು ಮುಚ್ಚುವ ಕಡೆಗೇ ಎಳೆಯುತ್ತಿರಲಿ ಎಂದು. ಬೀಗದ ಕೊಂಡಿ ಇಲ್ಲದಿದ್ದಾಗ ಎರಡು ಸಾದಾ ಕೊಂಡಿಗಳನ್ನು ಒಂದರ ಕದ ಎಡಕ್ಕೆ, ಇನ್ನೊಂದರದು ಬಲಕ್ಕೆ ಬರುವಂತೆ ಜೋಡಿಸುತ್ತಾರೆ. ಎರಡೂ ಒಟ್ಟಿಗೆ ಬಾಯಿ ಬಿಡುವ ಸಂಭವ ಬಲು ಕಡಿಮೆ.

ಸುರಪುರಕ್ಕೆ ಮರಳಿ ಬರುತ್ತೇನೆ. ಶ್ರಾವಣ ಮಾಸದಲ್ಲಿ ಆ ಊರಿನ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಎತ್ತರದ, ಜಾರುವ ಕಂಬಗಳನ್ನು ತರುಣರು ಏರುತ್ತಾರೆ. ಹಗ್ಗವಿಲ್ಲ, ಕೊಂಡಿಯಿಲ್ಲ. ಅಂಗಾಲು, ತೊಡೆ, ತೋಳು, ಮತ್ತು ಕೆಳಗೆ ನಿಂತವರ ಹೆಗಲು. ಅದೊಂದು ವಿದ್ಯೆ, ಅದಕ್ಕೆ ತನ್ನದೇ ಗುರುಪರಂಪರೆಯಿದೆ, ಅದರ ಬಗ್ಗೆ ಹೇಳಲು ಆ ತರುಣರೇ ಸಮರ್ಥರು. ನನಗೆ ಚಿಂತೆ ಹುಟ್ಟಿಸುವುದು ಅದಲ್ಲ, ಅದೇ ತಿಂಗಳ ಇನ್ನೊಂದು ಹಬ್ಬ. ನಾಗರಪಂಚಮಿ ಬಂತೆಂದರೆ ಉತ್ತರ ಕರ್ನಾಟಕದ ಊರೂರಿನ ಬೇವಿನ ಮರ, ಹುಣಸೆ ಮರಗಳಿಗೆ ಜೋಕಾಲಿ ಕಟ್ಟುತ್ತಾರೆ. ಮನೆಗಳಲ್ಲಿ ತೊಲೆಗೂ ಕಬ್ಬಿಣದ ಸರಳಿಗೂ ಕಟ್ಟುವುದುಂಟು. ಈಗ ಹಗ್ಗದ ತುದಿಗೆ ಗಂಟು ಹಾಕುವ ಬದಲು ಅಂಗಡಿಯ ಬಣ್ಣದ ಕೊಂಡಿಯನ್ನು ಸಿಕ್ಕಿಸಿಬಿಡುವ ಆಸೆ ಯಾರಿಗಾದರೂ ಬಂದೀತು. ಕಟ್ಟುವುದೂ ಬಿಚ್ಚುವುದೂ ಎಷ್ಟು ಸುಲಭ ನೋಡಿ!

ಜೋಕಾಲಿಯ ಲೆಕ್ಕ ಹೀಗಿದೆ. ಸುಮ್ಮನೆ ಕುಳಿತಾಗ ಹಗ್ಗದ ಮೇಲೆ ಬೀಳುವುದು ಕುಳಿತವರ ತೂಕ ಮಾತ್ರ. ಜೀಕಿ ಜೀಕಿ ಹಗ್ಗ 60 ಡಿಗ್ರಿವರೆಗೆ ಏರಿ ಹಿಂದಿರುಗುವಾಗ, ಅತ್ಯಂತ ಕೆಳಗಿನ ಬಿಂದುವಿನಲ್ಲಿ ಹಗ್ಗದ ಎಳೆತ ತೂಕದ ಎರಡು ಪಟ್ಟಾಗುತ್ತದೆ. 90 ಡಿಗ್ರಿ ಏರಿಸುವ ಗಟ್ಟಿಗರಿದ್ದರೆ ಮೂರು ಪಟ್ಟು. ಇಬ್ಬರು ಎದುರುಬದುರು ನಿಂತು ಜೀಕುವಾಗ ಅವರಿಬ್ಬರ ರಾಶಿ 120 ಕಿಲೋಗ್ರಾಂ ಎಂದರೆ, 90 ಡಿಗ್ರಿಗೆ ಕೆಳಬಿಂದುವಿನಲ್ಲಿ 3.5 ಕಿಲೋನ್ಯೂಟನ್. ಎರಡು ಹಗ್ಗಗಳು ಹಂಚಿಕೊಂಡರೂ ಒಂದೊಂದರ ಮೇಲೆ 1.75. ಒಂದು ಸಲವಲ್ಲ, ಹಬ್ಬದ ದಿನವಿಡೀ ಸಾವಿರಾರು ಸಲ. ಪ್ರತಿ ಸಲವೂ ತಿರುಗುತ್ತ, ಸಡಿಲವಾಗುತ್ತ, ಮತ್ತೆ ಬಿಗಿಯಾಗುತ್ತ. ಕದ ಒರಗಿ ನಿಂತಿರುವ, ಯಾವ ಅಂಕಿಯನ್ನೂ ಕೊರೆದಿರದ ಕೊಂಡಿ ಇದನ್ನು ತಾಳುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಕೆಲವು ಕೊಂಡಿಗಳ ಮೈಮೇಲೆ ‘ನಾಟ್ ಫಾರ್ ಕ್ಲೈಂಬಿಂಗ್’ ಎಂದು ತಯಾರಕರೇ ಅಚ್ಚು ಹಾಕಿರುತ್ತಾರೆ. ಇದು ಏರುವುದಕ್ಕಲ್ಲ ಎಂದರ್ಥ. ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳು. ಜೋಕಾಲಿ ಕಟ್ಟುವ ಅಜ್ಜನಿಗೆ ಅವು ಕಾಣುವುದಿಲ್ಲ. ನಿಮಗೆ ಕಾಣುತ್ತವೆ, ಓದಿ ಹೇಳಿ.

ಆ ಅಜ್ಜ ಹಗ್ಗ ಕಟ್ಟುವ ಕ್ರಮವನ್ನೂ ನಿಂತು ನೋಡಿ. ಟೊಂಗೆಗೆ ಮೊದಲು ಹಳೆಯ ಗೋಣಿಚೀಲವನ್ನು ಸುತ್ತುತ್ತಾನೆ. ತೊಗಟೆಗೆ ಉಜ್ಜಿ ಹಗ್ಗ ಸವೆಯಬಾರದು. ಅದರ ಮೇಲೆ ಹಗ್ಗವನ್ನು ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಆಮೇಲೆ ಗಂಟು ಹಾಕುತ್ತಾನೆ. ಸುತ್ತು ಹೆಚ್ಚಿದಂತೆ ಘರ್ಷಣೆಯೂ ಗುಣಿಸುತ್ತ ಹೋಗುವುದರಿಂದ ಭಾರದ ಬಹುಪಾಲನ್ನು ಸುತ್ತುಗಳೇ ಹಿಡಿದಿರುತ್ತವೆ, ಗಂಟಿನವರೆಗೆ ಬರುವುದು ಅಲ್ಪಸ್ವಲ್ಪ. ಕಟ್ಟಿ ಮುಗಿದ ಮೇಲೆ ಮಕ್ಕಳನ್ನು ಹತ್ತಿಸುವ ಮುನ್ನ ತಾನೇ ಹಗ್ಗಕ್ಕೆ ಜೋತುಬಿದ್ದು ನಾಲ್ಕು ಸಲ ಜಗ್ಗಿ ನೋಡುತ್ತಾನೆ.